‘ಫೈನಲ್’ ಅಂದರೆ ಯಾರ ಮಟ್ಟಿಗೆ ಫೈನಲ್?

"ಡೇಟ್ ಫೈನಲ್ ಆಯ್ತಾ?" ಅಂತ ಮದುವೆ ಮನೆಯಲ್ಲಿ ಕೇಳುತ್ತಾರೆ. "ಇವತ್ತು ಫೈನಲ್ ಇದೆ, ಬೇಗ ಹೋಗಬೇಕು" ಅನ್ನುತ್ತಾರೆ ಕ್ರಿಕೆಟ್ ನೋಡುವವರು. "ಪ್ರಿಲಿಮಿನರಿ ಆಗಿದೆ, ಇನ್ನು ಫೈನಲ್ ಡಿಕ್ರಿ ಆಗಬೇಕು" ಅನ್ನೋ ಮಾತು ತಾಲ್ಲೂಕು ಕೋರ್ಟಿನ ಸುತ್ತಮುತ್ತ ದಿನಾ ಕೇಳಿಬರುತ್ತದೆ. ಮೂರೂ ಕಡೆ ಪದ ಒಂದೇ. ಮೊದಲನೆಯದರಲ್ಲಿ ಏನೂ ಮುಗಿದಿಲ್ಲ, ಕೆಲಸ ಈಗ ಶುರುವಾಗಬೇಕು. ಎರಡನೆಯದರಲ್ಲಿ ಒಂದು ಟೂರ್ನಿಯ ತುದಿಗೆ ಬಂದಿದ್ದೇವೆ. ಮೂರನೆಯದು ಜಮೀನಿನ ಹಣೆಬರಹ; ಡಿಕ್ರಿ ಅಂದರೆ ಹಕ್ಕು ಯಾರಿಗೆ ಅಂತ ಕೋರ್ಟ್ ಬರೆದುಕೊಡುವ ತೀರ್ಮಾನ.

ಇಂಗ್ಲಿಷಿನಿಂದ ಬಂದು ನಮ್ಮ ಬಾಯಲ್ಲಿ ಪೂರ್ತಿ ಪಳಗಿದ ಪದ ಇದು. ಪಳಗಿದ್ದರಿಂದಲೇ ಅದರ ಅರ್ಥವನ್ನು ಯಾರೂ ನಿಂತು ಕೇಳುವುದಿಲ್ಲ. ಮಾತಿನಲ್ಲಿ ಆದರೆ ಪರವಾಗಿಲ್ಲ. ಕಾಗದದ ಮೇಲೆ ಬಂದಾಗ ಕಷ್ಟ. ‘ಫೈನಲ್ ಆರ್ಡರ್’ ಅಂತ ನೋಡಿ ಎಲ್ಲಾ ಮುಗಿದೇ ಹೋಯ್ತು ಅಂತ ಕೈಬಿಟ್ಟವರಿದ್ದಾರೆ. ‘ಇನ್ನೂ ಫೈನಲ್ ಆಗಿಲ್ಲವಲ್ಲ’ ಅಂತ ಸುಮ್ನೆ ಕೂತು ಅವಕಾಶ ಕಳೆದುಕೊಂಡವರೂ ಇದ್ದಾರೆ. ಎರಡೂ ತಪ್ಪಿಗೆ ಕಾರಣ ಒಂದೇ. ಫೈನಲ್ ಅನ್ನೋದು ತಾನಾಗಿಯೇ ಪೂರ್ತಿ ಆಗುವ ಪದ ಅಲ್ಲ. ಯಾವ ವಿಷಯಕ್ಕೆ ಫೈನಲ್, ಯಾರ ಮಟ್ಟಿಗೆ ಫೈನಲ್ ಅಂತ ಜೊತೆಗೆ ಕೇಳಲೇಬೇಕು.

ಮೂಲದಿಂದ ಶುರು ಮಾಡೋಣ. ಲ್ಯಾಟಿನ್‌ನಲ್ಲಿ ‘ಫೀನಿಸ್’ ಅಂದರೆ ಕೊನೆ. ಗಡಿ, ಎಲ್ಲೆ ಅನ್ನೋ ಅರ್ಥವೂ ಅದಕ್ಕಿದೆ. ಹೊಲದ ಬದು ಎಲ್ಲಿದೆಯೋ ಅಲ್ಲಿಗೆ ಹೊಲ ಮುಗಿಯಿತು ಅನ್ನುವ ರೀತಿಯ ಕೊನೆ ಅದು. ‘ಫೈನಲ್’, ‘ಫಿನಿಶ್’, ‘ಡಿಫೈನ್’ ಎಲ್ಲಾ ಅದೇ ಬೇರಿನವು. ದಂಡ ಅನ್ನುವ ಅರ್ಥದ ‘ಫೈನ್’ ಕೂಡ ಅಲ್ಲಿಂದಲೇ ಬಂತು: ಇಷ್ಟು ಕಟ್ಟಿದರೆ ತಂಟೆ ಮುಗಿಯಿತು ಅನ್ನುವ ಹಣ. ‘ಫೈನಾನ್ಸ್’ ಕೂಡ ಹಾಗೆಯೇ. ಹಳೆಯ ಫ್ರೆಂಚ್‌ನಲ್ಲಿ ಸಾಲ ತೀರಿಸಿ ಲೆಕ್ಕ ಮುಗಿಸುವುದಕ್ಕೆ ಇದ್ದ ಕ್ರಿಯಾಪದದಿಂದ ಅದು ಹುಟ್ಟಿದೆ. ಅಂದರೆ ಈ ಪದದ ಮನೆತನದಲ್ಲೇ ವ್ಯಾಜ್ಯ, ಎಲ್ಲೆ, ಲೆಕ್ಕ ಚುಕ್ತಾ ಎಲ್ಲಾ ಇವೆ. ಆಟದ ಮೈದಾನಕ್ಕೆ ಅದು ಬಂದದ್ದು ಆಮೇಲೆ.

ಅದೇ ‘ಕೊನೆ’ಗೆ ಗುರಿ ಅನ್ನುವ ಅರ್ಥವೂ ಇತ್ತು. ಅರಿಸ್ಟಾಟಲ್ ಹೇಳಿದ ನಾಲ್ಕು ಕಾರಣಗಳಲ್ಲಿ ಒಂದನ್ನು ಇಂಗ್ಲಿಷಿನಲ್ಲಿ ‘ಫೈನಲ್ ಕಾಸ್’ ಅನ್ನುತ್ತಾರೆ. ಒಂದು ವಸ್ತು ಯಾತಕ್ಕೋಸ್ಕರ ಇದೆ ಅನ್ನೋದೇ ಆ ಕಾರಣ. ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ‘ಫೈನಲ್ ಕ್ಲಾಸ್’ (clause) ಅಂತ ಕಂಡರೆ ಅದು ವಾಕ್ಯದ ಕೊನೆಯ ತುಂಡಲ್ಲ. ಉದ್ದೇಶ ಹೇಳುವ ತುಂಡು. ನಮ್ಮ ‘ಓದಲಿಕ್ಕೆ ಬಂದ’ ಅನ್ನುವಾಗಿನ ‘ಲಿಕ್ಕೆ’ ಮಾಡುವ ಕೆಲಸ ಅದು. ಇವತ್ತಿನ ದಿನಬಳಕೆಯಲ್ಲಿ ಈ ಅರ್ಥ ಉಳಿದಿಲ್ಲ. ತತ್ವಶಾಸ್ತ್ರ, ಭಾಷಾಶಾಸ್ತ್ರ ಓದುವವರಿಗೆ ಮಾತ್ರ ಎದುರಾಗುತ್ತದೆ.

ಕೊನೆಯ ಪಂದ್ಯ ಬೇರೆ, ಫೈನಲ್ ಬೇರೆ

ಇಂಗ್ಲಿಷ್ ಕಲಿಯುವ ಮಕ್ಕಳು ‘ಲಾಸ್ಟ್’ ಮತ್ತು ‘ಫೈನಲ್’ ನಡುವೆ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಕನ್ನಡದಲ್ಲಿ ಎರಡಕ್ಕೂ ‘ಕೊನೆಯ’ ಅಂದುಬಿಡುತ್ತೇವೆ, ಅದಕ್ಕೇ ಇರಬೇಕು. ‘ಲಾಸ್ಟ್ ವೀಕ್’ ಅಂದರೆ ಹೋದ ವಾರ. ‘ಫೈನಲ್ ವೀಕ್’ ಅಂದರೆ ಒಂದು ಕೋರ್ಸಿನದೋ, ಪ್ರಚಾರದ್ದೋ ಕೊನೆಯ ವಾರ. ಒಬ್ಬ ಲೇಖಕರ ‘ಲಾಸ್ಟ್ ಬುಕ್’ ಅಂದರೆ ಈಚೆಗೆ ಬಂದದ್ದೂ ಆಗಬಹುದು, ಅದರ ಮುಂದೆ ಇನ್ನೊಂದು ಬರಲಿಲ್ಲ ಅಂತಲೂ ಆಗಬಹುದು. ‘ಫೈನಲ್ ಬುಕ್’ ಅಂದರೆ ಎರಡನೆಯದು ಮಾತ್ರ. ‘ಲಾಸ್ಟ್’ಗೆ ಸಾಲಿನಲ್ಲಿ ಹಿಂದೆ ನಿಂತರೆ ಸಾಕು. ‘ಫೈನಲ್’ಗೆ ಅಷ್ಟು ಸಾಲದು. ಮೊದಲೇ ಹಾಕಿಕೊಂಡ ಒಂದು ಕ್ರಮ ಇರಬೇಕು, ಆ ಕ್ರಮ ಇಲ್ಲಿಗೆ ಪೂರ್ತಿಯಾಗಬೇಕು.

ಫುಟ್‌ಬಾಲ್ ಇತಿಹಾಸದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1950ರ ವಿಶ್ವಕಪ್ ನಡೆದದ್ದು ಬ್ರೆಜಿಲ್‌ನಲ್ಲಿ. ಜುಲೈ 16ರಂದು ಮರಕಾನಾ ಮೈದಾನದಲ್ಲಿ ಉರುಗ್ವೆ 2-1ರಿಂದ ಬ್ರೆಜಿಲ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಎಲ್ಲರೂ ಅದನ್ನು ಫೈನಲ್ ಅಂತಲೇ ಕರೆಯುತ್ತಾರೆ. ನಿಯಮದ ಪ್ರಕಾರ ಆ ವರ್ಷ ಫೈನಲ್ಲೇ ಇರಲಿಲ್ಲ. ನಾಲ್ಕು ತಂಡಗಳ ಒಂದು ಗುಂಪು ಇತ್ತು. ಎಲ್ಲರೂ ಎಲ್ಲರ ಮೇಲೆ ಆಡಬೇಕು, ಪಾಯಿಂಟ್ ಜಾಸ್ತಿ ಇದ್ದವರು ಚಾಂಪಿಯನ್. ಬ್ರೆಜಿಲ್‌ಗೆ ಡ್ರಾ ಆಗಿದ್ದರೂ ಸಾಕಿತ್ತು. ನಿಜವಾದ ಫೈನಲ್‌ನಲ್ಲಿ ಒಂದು ತಂಡಕ್ಕೆ ಡ್ರಾ ಸಾಕು ಅನ್ನುವ ಮಾತೇ ಬರುವುದಿಲ್ಲ. ಅದೇ ದಿನ ಸ್ವೀಡನ್ ಮತ್ತು ಸ್ಪೇನ್ ಕೂಡ ಆಡಿದವು. ಅಂದರೆ ಆ ದಿನ ಗುಂಪಿನ ಕೊನೆಯ ಪಂದ್ಯಗಳು ಎರಡು ನಡೆದವು. ಫೈನಲ್ ಅಂತ ಇಟ್ಟದ್ದು ಒಂದೂ ಇರಲಿಲ್ಲ.

ಇದಕ್ಕೆ ತಿರುಗಾಮುರುಗಾ ಆದದ್ದು 2002ರ ಚಾಂಪಿಯನ್ಸ್ ಟ್ರೋಫಿಯಲ್ಲಿ. ಕೊಲಂಬೊದಲ್ಲಿ ಭಾರತ, ಶ್ರೀಲಂಕಾ ನಡುವೆ ಫೈನಲ್. ಸೆಪ್ಟೆಂಬರ್ 29ರಂದು ಶ್ರೀಲಂಕಾ 50 ಓವರ್ ಆಡಿತು. ಭಾರತದ ಬ್ಯಾಟಿಂಗ್ ಶುರುವಾಗುತ್ತಿದ್ದಂತೆ ಮಳೆ ಬಂತು. ಮೀಸಲು ದಿನವಾದ 30ರಂದು ಮೊದಲಿನಿಂದ ಹೊಸ ಪಂದ್ಯ. ಮತ್ತೆ ಶ್ರೀಲಂಕಾ 50 ಓವರ್, ಮತ್ತೆ ಮಳೆ. ಕೊನೆಗೆ ಎರಡೂ ತಂಡಗಳಿಗೆ ಕಪ್ ಹಂಚಿದರು. ಫೈನಲ್ ನಡೆಯಿತು, ಇತ್ಯರ್ಥ ಆಗಲಿಲ್ಲ. 2019ರ ವಿಶ್ವಕಪ್ ಫೈನಲ್ ಕೂಡ ಲಾರ್ಡ್ಸ್‌ನಲ್ಲಿ ಟೈ ಆಯಿತು, ಸೂಪರ್ ಓವರ್ ಕೂಡ ಟೈ ಆಯಿತು. ಬೌಂಡರಿ ಲೆಕ್ಕದ ಮೇಲೆ ಇಂಗ್ಲೆಂಡ್‌ಗೆ ಕಪ್ ಹೋಯಿತು. ನ್ಯೂಜಿಲೆಂಡ್‌ಗೆ ಆದದ್ದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ. ಅದೇ ವರ್ಷ ಐಸಿಸಿ ನಿಯಮ ಬದಲಿಸಿತು. ಸೆಮಿಫೈನಲ್, ಫೈನಲ್‌ಗಳಲ್ಲಿ ಒಬ್ಬರು ಗೆಲ್ಲುವ ತನಕ ಸೂಪರ್ ಓವರ್ ಮುಂದುವರಿಯಬೇಕು ಅಂತಾಯಿತು. ರಣಜಿ ಟ್ರೋಫಿಯವರು ಇನ್ನೊಂದು ದಾರಿ ಹಿಡಿದಿದ್ದಾರೆ. ಫೈನಲ್ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರು ಗೆದ್ದಂತೆ. ಫೈನಲ್ ಅಂತ ಹೆಸರಿಟ್ಟ ಮೇಲೆ ಏನಾದರೂ ಮಾಡಿ ಇತ್ಯರ್ಥ ಮಾಡಲೇಬೇಕು ಅನ್ನುವ ಒತ್ತಡ ಆ ಪದದಲ್ಲೇ ಇದೆ.

ನಮ್ಮ ಪತ್ರಿಕೆಗಳ ಕ್ರೀಡಾ ಪುಟದವರು ಕ್ವಾರ್ಟರ್‌ಫೈನಲ್‌ಗೆ ‘ಎಂಟರ ಘಟ್ಟ’, ಸೆಮಿಫೈನಲ್‌ಗೆ ‘ನಾಲ್ಕರ ಘಟ್ಟ’ ಅಂತ ಬರೆಯುತ್ತಾರೆ. ಎಷ್ಟು ತಂಡ ಉಳಿದಿವೆ ಅನ್ನೋದು ಹೆಸರಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನ ‘ಅರ್ಧ ಫೈನಲ್’, ‘ಕಾಲು ಫೈನಲ್’ಗಿಂತ ಇದು ಎಷ್ಟೋ ಚೆನ್ನಾಗಿದೆ.

ಬದಲಾಗದ್ದು ಅನ್ನುವ ಅರ್ಥ

‘ಅಂಪೈರ್ ಹೇಳಿದ್ದೇ ಫೈನಲ್’ ಅನ್ನುವಾಗ ಪದ ಬೇರೆ ಕೆಲಸ ಮಾಡುತ್ತಿದೆ. ಇಲ್ಲಿ ಸಾಲೂ ಇಲ್ಲ, ತುದಿಯೂ ಇಲ್ಲ. ಇದನ್ನು ಬದಲಿಸುವ ಅಧಿಕಾರ ಇನ್ನೊಬ್ಬರಿಗಿಲ್ಲ ಅಂತ ಅರ್ಥ. ಎಂಸಿಸಿಯ ಕ್ರಿಕೆಟ್ ನಿಯಮಗಳಲ್ಲಿ ಎರಡನೆಯ ನಿಯಮದ ಒಳಗೆ ಇದು ಬರುತ್ತದೆ. ಅಂಪೈರ್ ತಮ್ಮ ತೀರ್ಮಾನವನ್ನು ತಕ್ಷಣವೇ ಆದರೆ ತಾವೇ ಬದಲಿಸಬಹುದು. ಅದನ್ನು ಬಿಟ್ಟರೆ, ಒಮ್ಮೆ ಕೊಟ್ಟ ತೀರ್ಮಾನ ಫೈನಲ್. ಆ ‘ಅದನ್ನು ಬಿಟ್ಟರೆ’ ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಫೈನಲ್ ಅಂತ ಬರೆದ ಕಡೆಯೇ ಪಕ್ಕದಲ್ಲಿ ಒಂದು ಸಣ್ಣ ಬಾಗಿಲನ್ನೂ ಇಟ್ಟಿದ್ದಾರೆ. ಡಿಆರ್‌ಎಸ್, ಅಂದರೆ ತೀರ್ಮಾನವನ್ನು ಟಿವಿಯಲ್ಲಿ ಮತ್ತೆ ನೋಡಿ ಅಂತ ತಂಡಗಳು ಕೇಳಬಹುದಾದ ವ್ಯವಸ್ಥೆ, ಬಂದ ಮೇಲೆ ಆ ಬಾಗಿಲು ದೊಡ್ಡದಾಯಿತು. ಆದರೂ ಫೈನಲ್ ಅನ್ನೋದು ಮಾಯವಾಗಲಿಲ್ಲ. ಮೈದಾನದ ಅಂಪೈರ್ ಕೈಯಿಂದ ಒಂದು ಮೆಟ್ಟಿಲು ಮೇಲೆ, ಟಿವಿ ಮುಂದೆ ಕೂತವರ ಹತ್ತಿರ ಹೋಯಿತು ಅಷ್ಟೇ.

ಕನ್ನಡದ ಬಾಯಿಮಾತು ಮುಖ್ಯವಾಗಿ ಹಿಡಿದುಕೊಂಡದ್ದು ಈ ಅರ್ಥವನ್ನೇ. ‘ಫೈನಲ್ ಮಾಡು’, ‘ಫೈನಲ್ ಆಗು’ ಅಂದರೆ ಮುಗಿಸು ಅಂತಲ್ಲ, ಗಟ್ಟಿ ಮಾಡು ಅಂತ. ‘ಫೈನಲ್ ರೇಟು ಹೇಳಿ’ ಅಂದರೆ ಇನ್ನು ಇಳಿಸೋಕೆ ಆಗಲ್ಲ ಅನ್ನುವ ಬೆಲೆ ಹೇಳಿ ಅಂತ. ಈ ಜಾಗದಲ್ಲಿ ನಮಗೆ ಮೊದಲೇ ಒಂದು ಪದ ಇತ್ತು: ಅಖೈರು. ಅರಬ್ಬಿಯ ‘ಆಖಿರ್’ನಿಂದ, ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂದ ಪದ. ‘ದಿನಾಂಕ ಅಖೈರಾಯಿತು’, ‘ಟೆಂಡರ್ ಅಖೈರುಗೊಳಿಸಲಾಗಿದೆ’ ಅಂತ ಸರ್ಕಾರಿ ಆದೇಶಗಳಲ್ಲಿ ಈಗಲೂ ಬರೆಯುತ್ತಾರೆ. ಮನೆಮಾತಿನಲ್ಲಿ ಮಾತ್ರ ಅದು ಸವೆದುಹೋಗಿ, ಆ ಜಾಗಕ್ಕೆ ಫೈನಲ್ ಬಂದು ಕೂತಿದೆ. ‘ಅಂತಿಮ’ ಅನ್ನೋದು ಬರಹಕ್ಕೆ ಸರಿ, ಮಾತಿಗೆ ಭಾರ. ‘ಅಂತಿಮ ದರ್ಶನ’, ‘ಅಂತಿಮ ಯಾತ್ರೆ’ ಅಂತ ಸಾವಿನ ಸುದ್ದಿಯ ಜೊತೆ ಅದು ಎಷ್ಟು ಬೆರೆತಿದೆ ಅಂದರೆ, ಮದುವೆ ಡೇಟನ್ನು ಯಾರೂ ‘ಅಂತಿಮ ಆಯ್ತು’ ಅನ್ನುವುದಿಲ್ಲ.

ಈ ಎರಡು ಅರ್ಥ, ಅಂದರೆ ಸಾಲಿನ ತುದಿ ಮತ್ತು ಬದಲಾಗದ್ದು, ಒಂದೇ ಕಾಗದದಲ್ಲಿ ಬೆರೆತಾಗ ತೊಂದರೆ ಶುರುವಾಗುತ್ತದೆ. ಇದನ್ನು ಕರ್ನಾಟಕದವರಿಗಿಂತ ಚೆನ್ನಾಗಿ ಕಂಡವರು ಕಡಿಮೆ.

ಕಾವೇರಿಯ ಫೈನಲ್

ಕಾವೇರಿ ನ್ಯಾಯಮಂಡಳಿ ರಚನೆ ಆದದ್ದು 1990ರಲ್ಲಿ. 1991ರ ಜೂನ್‌ನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟಿತು: ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿಗೆ ಸಿಗಬೇಕು ಅಂತ. 2007ರ ಫೆಬ್ರವರಿ 5ರಂದು ಬಂದದ್ದು ಅಂತಿಮ ತೀರ್ಪು. 740 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಅಂತ ಹಂಚಿದರು. ಉಳಿದದ್ದು ಪರಿಸರಕ್ಕೆ ಮತ್ತು ಸಮುದ್ರಕ್ಕೆ.

ಆಗ ಪತ್ರಿಕೆಗಳಲ್ಲೆಲ್ಲಾ ‘ಅಂತಿಮ ತೀರ್ಪು’ ಅನ್ನುವುದೇ ದೊಡ್ಡ ಅಕ್ಷರ. ಆ ‘ಅಂತಿಮ’ಕ್ಕೆ ಇದ್ದ ಅರ್ಥ ಏನು? ಮಧ್ಯಂತರ ಅಲ್ಲ ಅನ್ನೋದು ಒಂದು. ಅದು ಸಾಲಿನ ತುದಿಯ ಅರ್ಥ: ನ್ಯಾಯಮಂಡಳಿ ತನ್ನ ಕೆಲಸ ಮುಗಿಸಿತು. ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯ 6ನೇ ಸೆಕ್ಷನ್ ಎರಡನೆಯ ಅರ್ಥವನ್ನೂ ಕೊಡುತ್ತದೆ: ಗೆಜೆಟ್‌ನಲ್ಲಿ ಪ್ರಕಟವಾದ ತೀರ್ಪು ಅಂತಿಮ, ಎಲ್ಲಾ ರಾಜ್ಯಗಳೂ ಪಾಲಿಸಬೇಕು. 11ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಮಂಡಳಿಗೆ ಒಪ್ಪಿಸಬಹುದಾದ ನೀರಿನ ವಿವಾದದಲ್ಲಿ ಸುಪ್ರೀಂ ಕೋರ್ಟಿಗೂ ಅಧಿಕಾರ ಇಲ್ಲ ಅನ್ನುತ್ತದೆ. ಇಷ್ಟು ಬಿಗಿಯಾಗಿ ಬರೆದ ಮೇಲೆ ಇನ್ನೇನಿದೆ ಅಂತ ಅನಿಸಬೇಕು, ಅಲ್ವಾ?

ಆದದ್ದೇ ಬೇರೆ. ಗೆಜೆಟ್‌ಗೆ ಬರಲಿಕ್ಕೇ ಆರು ವರ್ಷ ಹಿಡಿಯಿತು, 2013ರ ಫೆಬ್ರವರಿ ತನಕ. ಅಷ್ಟರಲ್ಲಿ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದ್ದವು. ಕಾಯ್ದೆಯೇ ಬಾಗಿಲು ಮುಚ್ಚಿದೆ, ಈ ಮೇಲ್ಮನವಿ ನಡೆಯುವುದೇ ಇಲ್ಲ ಅಂತ ವಾದ ಬಂತು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೊಸ ವಿವಾದವನ್ನು ನೇರವಾಗಿ ನಮ್ಮ ಮುಂದೆ ತರುವುದಕ್ಕೆ ತಡೆ ಇದೆ, ನ್ಯಾಯಮಂಡಳಿ ಕೊಟ್ಟ ತೀರ್ಪಿನ ಮೇಲೆ ಸಂವಿಧಾನದ 136ನೇ ವಿಧಿಯ ಮೇಲ್ಮನವಿಗೆ ತಡೆ ಇಲ್ಲ ಅಂತ ಹೇಳಿತು. 2018ರ ಫೆಬ್ರವರಿ 16ರಂದು ಲೆಕ್ಕ ಬದಲಾಯಿತು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಗೆ ಸಿಕ್ಕಿ 284.75 ಆಯಿತು. ತಮಿಳುನಾಡಿನದು 404.25ಕ್ಕೆ ಇಳಿಯಿತು. ಹೆಚ್ಚಿಗೆ ಸಿಕ್ಕಿದ್ದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ.

ನ್ಯಾಯಮಂಡಳಿಯ ಮಟ್ಟಿಗೆ ಫೈನಲ್ ಆದದ್ದು ದೇಶದ ಮಟ್ಟಿಗೆ ಫೈನಲ್ ಆಗಿರಲಿಲ್ಲ. ಇನ್ನೊಂದು ಮಾತು: 2018ರ ತೀರ್ಪಿನಲ್ಲೂ ಫೈನಲ್ ಆದದ್ದು ಸಾಮಾನ್ಯ ಮಳೆಯ ವರ್ಷದ ಪಾಲು. ಮಳೆ ಕಡಿಮೆ ಆದ ವರ್ಷ ಯಾರಿಗೆಷ್ಟು ಅನ್ನೋದನ್ನು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಆಗಾಗ ಕೂತು ಲೆಕ್ಕ ಹಾಕಬೇಕು. ಅದಕ್ಕೇ ಮಳೆ ಕೈಕೊಟ್ಟಾಗಲೆಲ್ಲಾ ಮಂಡ್ಯದ ರಸ್ತೆ ಬಂದ್ ಆಗುತ್ತದೆ. ‘ಸುಪ್ರೀಂ ಕೋರ್ಟೇ ತೀರ್ಮಾನ ಮಾಡಿಯಾಯ್ತಲ್ಲ, ಮತ್ತೇಕೆ ಗಲಾಟೆ’ ಅಂತ ದೂರದಲ್ಲಿ ಕೂತು ಕೇಳುವವರು ಈ ವ್ಯತ್ಯಾಸವನ್ನು ಒಮ್ಮೆ ನೋಡಬೇಕು.

ಸ್ಪೀಕರ್ ಅವರ ತೀರ್ಮಾನದ ಕಥೆಯೂ ಹೀಗೆಯೇ. ಸಂವಿಧಾನದಲ್ಲಿ ಪಕ್ಷಾಂತರ ನಿಷೇಧದ ಹತ್ತನೇ ಶೆಡ್ಯೂಲ್‌ನಲ್ಲಿ ಶಾಸಕರ ಅನರ್ಹತೆ ಬಗ್ಗೆ ಸ್ಪೀಕರ್ ತೀರ್ಮಾನವೇ ಫೈನಲ್ ಅಂತ ಬರೆದಿದೆ. 1992ರಲ್ಲಿ ಸುಪ್ರೀಂ ಕೋರ್ಟ್ ಆ ಪದವನ್ನು ತೂಗಿ ನೋಡಿ, ಅದರಿಂದ ಕೋರ್ಟಿನ ಪರಿಶೀಲನೆ ನಿಂತುಹೋಗುವುದಿಲ್ಲ ಅಂತ ಹೇಳಿತು. ಕರ್ನಾಟಕದಲ್ಲಿ ಇದು ಎರಡು ಸಲ ಕಣ್ಣೆದುರೇ ನಡೆಯಿತು. 2010ರ ಅಕ್ಟೋಬರ್‌ನಲ್ಲಿ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹ ಮಾಡಿದ ಆದೇಶಗಳನ್ನು 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2019ರಲ್ಲಿ 17 ಶಾಸಕರ ಅನರ್ಹತೆ ಉಳಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವ ತನಕ ಸ್ಪರ್ಧಿಸುವಂತಿಲ್ಲ ಅನ್ನುವ ಭಾಗ ಬಿದ್ದುಹೋಯಿತು. ಅವರಲ್ಲಿ ಹೆಚ್ಚಿನವರು ಡಿಸೆಂಬರ್ 5ರ ಉಪಚುನಾವಣೆಗೆ ನಿಂತರು. ಒಂದೇ ಆದೇಶದಲ್ಲಿ ಅರ್ಧ ಫೈನಲ್ ಆಯಿತು, ಅರ್ಧ ಆಗಲಿಲ್ಲ.

ಹಾಗಾದರೆ ಸುಪ್ರೀಂ ಕೋರ್ಟ್ ಹೇಳಿದ್ದಾದರೂ ಫೈನಲ್ ತಾನೇ? ಹೆಚ್ಚುಕಡಿಮೆ ಹೌದು. ಆದರೂ 137ನೇ ವಿಧಿಯಲ್ಲಿ ಮರುಪರಿಶೀಲನೆಗೆ ಅವಕಾಶ ಇದೆ. ಅದೂ ಬಿದ್ದುಹೋದರೆ ಕ್ಯುರೇಟಿವ್ ಅರ್ಜಿ ಅಂತ ಇನ್ನೊಂದು ಕಿಂಡಿಯನ್ನು 2002ರಲ್ಲಿ ಕೋರ್ಟೇ ತೆರೆಯಿತು. ಅದು ತೆರೆದುಕೊಳ್ಳುವುದು ತೀರಾ ಅಪರೂಪ. 2024ರ ಏಪ್ರಿಲ್‌ನಲ್ಲಿ ದೆಹಲಿ ಮೆಟ್ರೊ ಪ್ರಕರಣದಲ್ಲಿ ತೆರೆಯಿತು, ಸುಪ್ರೀಂ ಕೋರ್ಟ್ ತನ್ನದೇ 2021ರ ತೀರ್ಪನ್ನು ಬದಿಗಿಟ್ಟಿತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ 1953ರಲ್ಲಿ ಬರೆದ ಮಾತು ಇಲ್ಲಿ ನೆನಪಾಗುತ್ತದೆ. ನಾವು ತಪ್ಪೇ ಮಾಡದವರು ಅನ್ನುವ ಕಾರಣಕ್ಕೆ ನಮ್ಮ ಮಾತು ಫೈನಲ್ ಆಗಿಲ್ಲ, ನಮ್ಮ ಮಾತು ಫೈನಲ್ ಅನ್ನುವ ಕಾರಣಕ್ಕೆ ಮಾತ್ರ ನಾವು ತಪ್ಪು ಮಾಡದವರು ಅಂತ ಅವರು ಬರೆದರು. ಫೈನಲ್ ಅಂದರೆ ಸರಿ ಅಂತಲ್ಲ. ಇನ್ನು ಕೇಳಲಿಕ್ಕೆ ಮೇಲೆ ಯಾರೂ ಇಲ್ಲ ಅಂತ.

ಹಾಗಂತ ಫೈನಲ್ ಅನ್ನೋದೇ ಬೇಡ ಅನ್ನಲಾಗದು. ಗೆದ್ದವರಿಗೂ ಸೋತವರಿಗೂ ಒಂದು ದಿನ ಮನೆಗೆ ಹೋಗಬೇಕು. ಕಾನೂನಿನಲ್ಲಿ ಹಳೆಯ ಲ್ಯಾಟಿನ್ ಸೂತ್ರ ಒಂದಿದೆ: ವ್ಯಾಜ್ಯಗಳಿಗೆ ‘ಫೀನಿಸ್’ ಇರುವುದೇ ನಾಡಿಗೆ ಒಳ್ಳೆಯದು ಅಂತ. ನಮ್ಮ ಸಿವಿಲ್ ಪ್ರೊಸೀಜರ್ ಕೋಡ್‌ನ 11ನೇ ಸೆಕ್ಷನ್ ನಿಂತಿರುವುದು ಅದರ ಮೇಲೆಯೇ. ಒಮ್ಮೆ ತೀರ್ಮಾನವಾದ ವಿಷಯವನ್ನು ಅದೇ ಜನ ಮತ್ತೆ ಕೋರ್ಟಿಗೆ ತರುವಂತಿಲ್ಲ.

ಪಾಲಿನ ಕೇಸು

ಈಗ ಮೇಲೆ ಹೇಳಿದ ಫೈನಲ್ ಡಿಕ್ರಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದರೆ ಜಾಸ್ತಿ ಮನೆಗಳನ್ನು ಮುಟ್ಟುವ ‘ಫೈನಲ್’ ಇದೇ.

ಅಣ್ಣ, ತಮ್ಮ, ತಂಗಿ ಮೂವರ ನಡುವೆ ಮೂರು ಎಕರೆ ಜಮೀನಿನ ಪಾಲಿನ ಕೇಸು ಇದೆ ಅಂತಿಟ್ಟುಕೊಳ್ಳಿ. ಕೋರ್ಟ್ ಮೊದಲು ಕೊಡುವುದು ಪ್ರಿಲಿಮಿನರಿ ಡಿಕ್ರಿ. ಅದರಲ್ಲಿ ಪ್ರತಿಯೊಬ್ಬರಿಗೂ ಮೂರನೇ ಒಂದು ಪಾಲು ಅಂತ ಇರುತ್ತದೆ. ಯಾವ ಮೂರನೇ ಒಂದು? ರಸ್ತೆ ಪಕ್ಕದ್ದೋ, ಬೋರ್‌ವೆಲ್ ಇರುವುದೋ, ಕಲ್ಲು ಬಿದ್ದಿರುವುದೋ? ಅದು ಅಲ್ಲಿ ಇರುವುದಿಲ್ಲ. ಕಂದಾಯ ಕಟ್ಟುವ ಜಮೀನಾದರೆ ಕಾಗದ ಡಿಸಿ ಕಚೇರಿಗೆ ಹೋಗಿ, ಸರ್ವೆಯವರು ಅಳತೆ ಮಾಡಿ ಸ್ಕೆಚ್ ಹಾಕಬೇಕು. ಮನೆ, ಸೈಟು ಆದರೆ ಕೋರ್ಟ್ ಒಬ್ಬ ಕಮಿಷನರ್ ನೇಮಿಸುತ್ತದೆ. ಅವರು ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡುತ್ತಾರೆ. ಆ ವರದಿಗೆ ತಕರಾರು ಇದ್ದರೆ ಅದೂ ವಿಚಾರಣೆ ಆಗಬೇಕು. ಇದೆಲ್ಲಾ ಮುಗಿದು ಇಂಥ ಬದುವಿನಿಂದ ಇಂಥ ಬದುವಿನ ತನಕ ಇವರದ್ದು ಅಂತ ಆದಾಗ ಅದು ಫೈನಲ್ ಡಿಕ್ರಿ. ಅದನ್ನು ಛಾಪಾ ಕಾಗದದ ಮೇಲೆ ಬರೆಯಬೇಕು. ಈ ಎರಡನೇ ಹಂತವನ್ನೇ ವಕೀಲರು ‘ಎಫ್‌ಡಿಪಿ’ (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಅನ್ನುತ್ತಾರೆ.

ಪ್ರಿಲಿಮಿನರಿ ಡಿಕ್ರಿ ಬಂದ ದಿನ ಸ್ವೀಟ್ ಹಂಚಿ, ಎಫ್‌ಡಿಪಿಗೆ ಅರ್ಜಿಯನ್ನೇ ಹಾಕದೆ ಹತ್ತಾರು ವರ್ಷ ಬಿಟ್ಟ ಮನೆಗಳಿವೆ. ಪಾಲಿನ ಕೇಸಿನಲ್ಲಿ ಆ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. 2022ರಲ್ಲಿ ಇನ್ನೂ ಮುಂದೆ ಹೋಗಿ, ಪ್ರಿಲಿಮಿನರಿ ಡಿಕ್ರಿ ಆದ ಕೂಡಲೇ ಕೆಳ ಕೋರ್ಟುಗಳು ತಾವಾಗಿಯೇ ಮುಂದಿನ ಹಂತಕ್ಕೆ ಕೇಸನ್ನು ಇಟ್ಟುಕೊಳ್ಳಬೇಕು, ಬೇರೆ ಅರ್ಜಿಗೆ ಕಾಯಬಾರದು ಅಂತ ಸೂಚಿಸಿತು. ತುಂಬಾ ಮೊದಲೇ ಆಗಬೇಕಿದ್ದ ಕೆಲಸ ಇದು.

ಫೈನಲ್ ಆಗದೆ ಇರುವುದರಿಂದ ಒಬ್ಬರಿಗೆ ಒಳ್ಳೆಯದೂ ಆಗಬಹುದು. ಪ್ರಿಲಿಮಿನರಿ ಡಿಕ್ರಿ ಆದ ಮೇಲೆ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಪಾಲು ಬದಲಾಗುತ್ತದೆ, ಕೋರ್ಟ್ ಇನ್ನೊಂದು ಪ್ರಿಲಿಮಿನರಿ ಡಿಕ್ರಿ ಕೊಡಬಹುದು. ಕಾನೂನು ಬದಲಾದರೂ ಹಾಗೆಯೇ. 1994ರಲ್ಲಿ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಪ್ರಿಲಿಮಿನರಿ ಡಿಕ್ರಿ ಆಗಿ, ಸಣ್ಣ ಪಾಲು ಪಡೆದಿದ್ದ ಒಬ್ಬ ಮಗಳು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದರು. ಫೈನಲ್ ಡಿಕ್ರಿ ಇನ್ನೂ ಆಗಿಲ್ಲ, ಆದ್ದರಿಂದ ಹೊಸ ಕಾನೂನಿನ ಪಾಲು ಕೇಳಬಹುದು ಅಂತ 2011ರಲ್ಲಿ ಅವರ ಪರ ತೀರ್ಪಾಯಿತು. ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ದೊಡ್ಡ ತೀರ್ಪಿನಲ್ಲೂ ಇದೇ ನಿಲುವು: ಪ್ರಿಲಿಮಿನರಿ ಡಿಕ್ರಿ ಆಗಿದ್ದರೂ, ಕೇಸು ಬಾಕಿ ಇದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು.

ಇಷ್ಟು ಓದಿ ‘ಹಾಗಾದರೆ ಪ್ರಿಲಿಮಿನರಿ ಅಂದರೆ ಬರೀ ತಾತ್ಕಾಲಿಕ’ ಅಂದುಕೊಂಡರೆ ದೊಡ್ಡ ಹೊಡೆತ ಬೀಳುತ್ತದೆ. ಸಿವಿಲ್ ಪ್ರೊಸೀಜರ್ ಕೋಡ್‌ನ 97ನೇ ಸೆಕ್ಷನ್ ನೋಡಿ. ಪ್ರಿಲಿಮಿನರಿ ಡಿಕ್ರಿ ತಪ್ಪು ಅನಿಸಿದರೆ ಆಗಲೇ ಮೇಲ್ಮನವಿ ಹಾಕಬೇಕು. ಹಾಕದೆ ಬಿಟ್ಟು, ಆಮೇಲೆ ಫೈನಲ್ ಡಿಕ್ರಿ ವಿರುದ್ಧ ಹಾಕಿದ ಮೇಲ್ಮನವಿಯಲ್ಲಿ ‘ಪಾಲಿನ ಲೆಕ್ಕವೇ ಸರಿ ಇರಲಿಲ್ಲ’ ಅಂದರೆ ಕೇಳುವುದಿಲ್ಲ. ಎಷ್ಟು ಪಾಲು ಅನ್ನುವ ವಿಷಯಕ್ಕೆ ಪ್ರಿಲಿಮಿನರಿಯೇ ಫೈನಲ್. ಯಾವ ಜಾಗ ಅನ್ನುವ ವಿಷಯಕ್ಕೆ ಮಾತ್ರ ಫೈನಲ್ ಡಿಕ್ರಿ ಫೈನಲ್. ಹೆಸರು ನೋಡಿ ಮೋಸಹೋಗುವುದು ಇಲ್ಲಿಯೇ.

ಬೇರೆ ಕಡೆ ಇದೇ ಪದ

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮತದಾರರ ಪಟ್ಟಿಯಲ್ಲಿ ಮೊದಲು ಕರಡು ಬರುತ್ತದೆ, ಆಕ್ಷೇಪಣೆ ಕೇಳುತ್ತಾರೆ, ಆಮೇಲೆ ‘ಅಂತಿಮ ಪಟ್ಟಿ’. ಅದರಲ್ಲಿ ಹೆಸರಿಲ್ಲ ಅಂದರೆ ಕಥೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಅಂತಿಮ ಪಟ್ಟಿ ಬಂದ ಮೇಲೂ ನಮೂನೆ 6 ಕೊಟ್ಟು ಸೇರಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಮಾತ್ರ ಆ ಚುನಾವಣೆಗೆ ಸೇರಿಸುವಂತಿಲ್ಲ. ಅರ್ಜಿ ಪರಿಶೀಲನೆಗೆ ಸಮಯ ಬೇಕು, ಹಾಗಾಗಿ ಕೊನೆಯ ದಿನದ ತನಕ ಕಾಯಬೇಡಿ.

ಪರೀಕ್ಷೆಗಳಲ್ಲಿ ತಾತ್ಕಾಲಿಕ ಕೀ ಉತ್ತರ ಬಂದಾಗ ಆಕ್ಷೇಪಣೆಗೆ ಕೊಡುವ ಕೆಲವೇ ದಿನಗಳೇ ನಿಮ್ಮ ಸಮಯ. ಅಂತಿಮ ಕೀ ಬಂದ ಮೇಲೆ ಪರೀಕ್ಷೆ ನಡೆಸಿದವರು ಸಾಮಾನ್ಯವಾಗಿ ಏನೂ ಕೇಳುವುದಿಲ್ಲ, ಕೋರ್ಟ್ ಒಂದೇ ದಾರಿ. ಎಸ್ಎಸ್ಎಲ್‌ಸಿಯಲ್ಲಂತೂ ‘ಫೈನಲ್ ಎಕ್ಸಾಮ್’ ಅನ್ನುವ ಮಾತಿನ ಹೆದರಿಕೆಯೇ ಕಡಿಮೆಯಾಗಬೇಕು. 2024ರಿಂದ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಇದನ್ನು ಮಕ್ಕಳಿಗೆ ಮನೆಯವರೇ ಬಿಡಿಸಿ ಹೇಳಬೇಕು.

ಕೆಲಸ ಬಿಡುವಾಗ ಕೊಡುವ ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಕಾಗದಕ್ಕೆ ಐಟಿಯವರಿಂದ ಗಾರ್ಮೆಂಟ್ಸ್‌ನವರ ತನಕ ಎಲ್ಲರೂ ಸಹಿ ಹಾಕುತ್ತಾರೆ. ‘ಇನ್ನು ಯಾವ ಬಾಕಿಯೂ ಇಲ್ಲ’ ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಸಹಿ ಹಾಕಿದ ಮೇಲೆ ಬೋನಸ್, ಇನ್ಸೆಂಟಿವ್ ಥರದ ಒಪ್ಪಂದದ ಹಣ ಕೇಳುವುದು ಕಷ್ಟ. ಆದರೆ ಕಾನೂನು ಕೊಟ್ಟ ಗ್ರಾಚ್ಯುಟಿ, ಪಿಎಫ್‌ಗಳನ್ನು ಸಹಿ ಹಾಕಿ ಬಿಟ್ಟುಕೊಡಲು ಆಗುವುದಿಲ್ಲ. ಕಂಪನಿಯ ಕಾಗದದ ‘ಫೈನಲ್’ ಅಲ್ಲಿಯ ತನಕ ಹೋಗುವುದಿಲ್ಲ. ಕೈಗೆ ಬಂದ ಲೆಕ್ಕ ಕಡಿಮೆ ಇದೆ ಅನಿಸಿದರೆ ಸಹಿಯ ಕೆಳಗೆ ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಅಂತ ಬರೆಯುವುದು ಒಳ್ಳೆಯದು.

ಕೋರ್ಟಿನ ಕಾಗದವಾದರೆ ದಿನಗಳ ಲೆಕ್ಕ ಹೀಗಿದೆ. ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ, ಬೇರೆ ಕೋರ್ಟಿಗಾದರೆ 30 ದಿನ. ತೀರ್ಪಿನ ನಕಲಿಗೆ ಅರ್ಜಿ ಕೊಟ್ಟು ಅದು ತಯಾರಾಗಲು ಹಿಡಿಯುವ ಸಮಯವನ್ನು ಇದರಲ್ಲಿ ಎಣಿಸುವುದಿಲ್ಲ. ಹಾಗಾಗಿ ನಕಲಿನ ಅರ್ಜಿಯನ್ನು ಆದಷ್ಟು ಬೇಗ ಕೊಡಿ. ಡಿಕ್ರಿ ಜಾರಿ ಮಾಡಿಸಿಕೊಳ್ಳಲು 12 ವರ್ಷ ಇದೆ. ಪಾಲಿನ ಕೇಸಿನಲ್ಲಿ ಆ 12 ವರ್ಷ ಶುರುವಾಗುವುದು ಫೈನಲ್ ಡಿಕ್ರಿ ಆದ ದಿನದಿಂದ, ನೀವು ಛಾಪಾ ಕಾಗದ ಒದಗಿಸಿದ ದಿನದಿಂದ ಅಲ್ಲ.